ಚೀಟಿ ಅಂಟಿಸಿದರೆ ಮುಗಿಯಿತೇ?

2018ರ ಜೂನ್ 15ರಂದು ಅಮೆರಿಕದಲ್ಲಿ ಪಿಕ್ಸಾರ್ ಸಂಸ್ಥೆಯ ಅನಿಮೇಶನ್ ಚಿತ್ರ ‘ಇನ್‌ಕ್ರೆಡಿಬಲ್ಸ್ 2’ ಬಿಡುಗಡೆಯಾಯಿತು. ಮೊದಲ ಭಾಗ ಬಂದು 14 ವರ್ಷವಾಗಿತ್ತು. ಜನ ಮುಗಿಬಿದ್ದರು; ಮೊದಲ ವಾರಾಂತ್ಯದಲ್ಲೇ ಅಲ್ಲಿ 18 ಕೋಟಿ ಡಾಲರಿಗೂ ಮಿಕ್ಕಿ ಹಣ ಬಂತು. ಅಷ್ಟರಲ್ಲೇ ಥಿಯೇಟರುಗಳ ಟಿಕೆಟ್ ಕೌಂಟರಿನ ಪಕ್ಕ ಒಂದು ಚೀಟಿಯೂ ಅಂಟಿಕೊಂಡಿತು. ಈ ಚಿತ್ರದಲ್ಲಿ ಮಿನುಗುವ ಬೆಳಕಿದೆ, ಅಂಥ ಬೆಳಕು ಆಗದವರು ಎಚ್ಚರ ವಹಿಸಿ ಎಂಬುದು ಅದರ ಸಾರ. ಈ ಎಚ್ಚರಿಕೆ ನಿರ್ಮಾಪಕರಿಗೆ ತಾನಾಗಿ ಹೊಳೆದದ್ದಲ್ಲ. ಚಿತ್ರ ನೋಡಿ ಗಾಬರಿಗೊಂಡವರು ದೂರಿದರು, ಅಲ್ಲಿನ ಎಪಿಲೆಪ್ಸಿ ಫೌಂಡೇಶನ್ ದನಿಗೂಡಿಸಿತು, ಎಚ್ಚರಿಕೆ ಹಾಕಿ ಎಂದು ಚಿತ್ರದ ವಿತರಕ ಸಂಸ್ಥೆ ಡಿಸ್ನಿ ಥಿಯೇಟರುಗಳಿಗೆ ಹೇಳಿತು.

ಆಟಿಸಂ ಇರುವ ಮಕ್ಕಳ ಮನೆಗಳಲ್ಲಿ ಪ್ರಶ್ನೆ ಎದ್ದದ್ದು ಆಗಲೇ: ನಮ್ಮ ಮಗುವನ್ನು ಇದಕ್ಕೆ ಕರೆದೊಯ್ಯಬಹುದೇ? ಉತ್ತರಗಳು ಎರಡು ಥರ ಬಂದವು. ಅಯ್ಯೋ, ಬೇಡವೇ ಬೇಡ ಎನ್ನುವುದು ಒಂದು. ಎಚ್ಚರಿಕೆ ಕೊಟ್ಟಾಗಿದೆಯಲ್ಲ, ಇನ್ನು ಹೆತ್ತವರ ಹೊಣೆ ಎನ್ನುವುದು ಇನ್ನೊಂದು. ಎರಡೂ ನನಗೆ ಒಪ್ಪಿಗೆಯಿಲ್ಲ. ಎರಡರಲ್ಲೂ ಚಿತ್ರ ಮಾಡಿದವರು ಕೈತೊಳೆದುಕೊಂಡು ಆರಾಮಾಗಿ ಕೂತಿರುತ್ತಾರೆ.

ದೃಶ್ಯವನ್ನೇ ನೋಡಿ. ಸ್ಕ್ರೀನ್‌ಸ್ಲೇವರ್ ಎಂಬ ಖಳ ಪರದೆಗಳಲ್ಲಿ ಬೆಳಕು ಮಿನುಗಿಸಿ, ನೋಡಿದವರನ್ನು ತನ್ನ ವಶ ಮಾಡಿಕೊಳ್ಳುತ್ತಾನೆ. ಚಿತ್ರದ ನಾಯಕಿ ಎಲಾಸ್ಟಿಗರ್ಲ್ ಅವನ ಬೆನ್ನುಹತ್ತಿ ಅಡಗುದಾಣಕ್ಕೆ ನುಗ್ಗಿದಾಗ ಪಂಜರದಂಥ ಕೋಣೆಯ ಗೋಡೆಗಳೇ ಪಟಪಟನೆ ಹತ್ತಿ ಆರುತ್ತವೆ. ಹೊಡೆದಾಟ ಚೂರುಚೂರಾಗಿ ಕಾಣುತ್ತದೆ: ಒಂದು ಕೈ, ಒಂದು ಮುಖವಾಡ, ಮತ್ತೆ ಕತ್ತಲು, ಮತ್ತೆ ಕಣ್ಣು ಕುಕ್ಕುವ ಬಿಳುಪು. ಕತ್ತಲ ಹಾಲಿನಲ್ಲಿ ಗೋಡೆಯಗಲದ ತೆರೆಯ ಮುಂದೆ ಕೂತವರಿಗೆ ಕಣ್ಣು ತಿರುಗಿಸಲು ಬೇರೆ ಜಾಗವೇ ಇರುವುದಿಲ್ಲ. ಪರದೆಗೆ ಅಂಟಿಕೊಂಡ ಜನರನ್ನು ಹಂಗಿಸುವ ಖಳನ ಅಸ್ತ್ರವನ್ನೇ ಎತ್ತಿ ಪ್ರೇಕ್ಷಕರ ಮೇಲೆ ಪ್ರಯೋಗಿಸಿದ್ದು ನಿರ್ದೇಶಕ ಬ್ರಾಡ್ ಬರ್ಡ್‌ಗೆ ಜಾಣತನವಾಗಿ ಕಂಡಿರಬೇಕು.

ಚೀಟಿ ಎರಡು ಬೇರೆ ಸಂಗತಿಗಳನ್ನು ಕಲಸಿಬಿಟ್ಟಿತು. ಮಿನುಗುವ ಬೆಳಕಿನಿಂದ ಫಿಟ್ಸ್ ಬರುವುದು ಒಂದು. ಮೂರ್ಛೆರೋಗ ಇರುವವರಲ್ಲಿ ನೂರಕ್ಕೆ ಸುಮಾರು 3 ಮಂದಿಗೆ ಈ ತೊಂದರೆ, ಅದೂ ಮಕ್ಕಳಲ್ಲಿ ಮತ್ತು ಹದಿಹರೆಯದವರಲ್ಲೇ ಹೆಚ್ಚು. ಬೆಳಕು, ಸದ್ದು, ವೇಗ ಎಲ್ಲ ಒಟ್ಟಿಗೆ ಮೇಲೆರಗಿ ತಡೆಯಲಾಗದಂತಾಗುವುದು ಇನ್ನೊಂದು. ಇದು ಫಿಟ್ಸ್ ಅಲ್ಲ, ಹಟವೂ ಅಲ್ಲ. ಇಂದ್ರಿಯಗಳ ಈ ಅತಿಸೂಕ್ಷ್ಮತೆಯನ್ನು ಅಮೆರಿಕದ ಮನೋವೈದ್ಯರ ಕೈಪಿಡಿ 2013ರಲ್ಲೇ ಆಟಿಸಂನ ಲಕ್ಷಣಗಳ ಪಟ್ಟಿಗೆ ಸೇರಿಸಿದೆ. ಆಟಿಸಂ ಇರುವ ಎಲ್ಲರಿಗೂ ಮೂರ್ಛೆರೋಗ ಇರುವುದಿಲ್ಲ. ಆದರೆ ಉಳಿದವರಿಗಿಂತ ಅವರಲ್ಲಿ ಅದು ಹೆಚ್ಚು. ಹಾಗಾಗಿ ಕೆಲವು ಮಕ್ಕಳಿಗೆ ಎರಡೂ ಒಟ್ಟಿಗೇ. ಅಂಥ ಮನೆಯವರಿಗೆ ‘ಮಿನುಗುವ ಬೆಳಕಿದೆ’ ಎಂಬ ಒಂದು ಸಾಲಿನಿಂದ ಏನು ತಿಳಿಯಬೇಕು? ಯಾವ ದೃಶ್ಯ, ಎಷ್ಟು ಹೊತ್ತು, ಯಾವಾಗ ಹೊರಗೆದ್ದು ಹೋಗಬೇಕು, ಯಾವಾಗ ಮರಳಬೇಕು? ಅದೊಂದೂ ಇಲ್ಲ. ಮೊಬೈಲಿನಲ್ಲೇ ಟಿಕೆಟ್ ಕೊಂಡು ನೇರ ಒಳಗೆ ಹೋಗುವವರಿಗಂತೂ ಚೀಟಿ ಕಣ್ಣಿಗೇ ಬೀಳದು.

ಇದಕ್ಕಿಂತ ದೊಡ್ಡ ಹುಳುಕು ಬೇರೆಯೇ ಇದೆ. ಬೆಳಕಿನಿಂದ ಫಿಟ್ಸ್ ಬರುತ್ತದೆ ಎಂಬುದು ಎಷ್ಟೋ ಮಕ್ಕಳಿಗೆ ತಿಳಿಯುವುದೇ ಮೊದಲ ಸಲ ಬಂದಾಗ. ತನಗೆ ತೊಂದರೆ ಇದೆ ಎಂದೇ ಗೊತ್ತಿಲ್ಲದವರಿಗೆ ಚೀಟಿ ಏನು ಹೇಳೀತು? 1997ರ ಡಿಸೆಂಬರ್ 16ರ ಸಂಜೆ ಜಪಾನಿನಲ್ಲಿ ‘ಪೋಕೆಮಾನ್’ನ ಒಂದು ಕಂತಿನಲ್ಲಿ ಕೆಂಪು, ನೀಲಿ ಬೆಳಕು ಸೆಕೆಂಡಿಗೆ ಸುಮಾರು 12 ಸಲ ಮಿನುಗಿತು, 600ಕ್ಕೂ ಹೆಚ್ಚು ಮಂದಿ, ಬಹುಪಾಲು ಮಕ್ಕಳು, ಆಸ್ಪತ್ರೆ ಸೇರಿದರು. ಧಾರಾವಾಹಿಯೇ ನಾಲ್ಕು ತಿಂಗಳು ನಿಂತುಹೋಯಿತು. ಅನಿಮೇಶನ್ ಕ್ಷೇತ್ರದಲ್ಲಿ ಈ ಕಥೆ ಕೇಳದವರಿಲ್ಲ. ಅದಾಗಿ 20 ವರ್ಷದ ಮೇಲೆ ಪಿಕ್ಸಾರ್‌ನಂಥ ಸಂಸ್ಥೆ, ಒಂದೊಂದು ಕೂದಲೆಳೆಯನ್ನೂ ಲೆಕ್ಕಹಾಕಿ ಚಿತ್ರಿಸುವ ಸಂಸ್ಥೆ, ಇದೊಂದನ್ನು ಮಾತ್ರ ಗಮನಿಸಲಿಲ್ಲ ಎಂದರೆ ನಂಬುವುದು ಹೇಗೆ?

ಕಲಾವಿದನ ಸ್ವಾತಂತ್ರ್ಯ ಎನ್ನುವವರಿಗೆ ಬ್ರಿಟನ್ ತೋರಿಸುತ್ತೇನೆ. ಅಲ್ಲಿನ ಟಿವಿ ನಿಯಮದ ಪ್ರಕಾರ ತೆರೆಯ ಕಾಲು ಭಾಗಕ್ಕಿಂತ ಹೆಚ್ಚು ಜಾಗ ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಸಲ ಮಿನುಗಬಾರದು. ಪರೀಕ್ಷಿಸಲು ಹಾರ್ಡಿಂಗ್ ಟೆಸ್ಟ್ ಎಂಬ ತಂತ್ರಾಂಶವಿದೆ. ದೃಶ್ಯವನ್ನು ಅದರೊಳಗೆ ಹಾಯಿಸಿದರೆ ಯಾವ ಫ್ರೇಮು ಅಪಾಯದ್ದು ಎಂದು ಅದೇ ತೋರಿಸುತ್ತದೆ. 2018ರ ಜುಲೈ 13ರಂದು ಚಿತ್ರ ಅಲ್ಲಿಗೆ ಹೋದಾಗ ಆ ದೃಶ್ಯಗಳನ್ನು ತಿದ್ದಿಯೇ ಬಿಡುಗಡೆ ಮಾಡಲಾಯಿತು. ಕಥೆ ಬದಲಾಗಲಿಲ್ಲ. ಸ್ಕ್ರೀನ್‌ಸ್ಲೇವರ್ ಸಪ್ಪೆಯಾಗಲಿಲ್ಲ. ಬ್ರಿಟನ್ನಿನ ಮಕ್ಕಳೇನೂ ಅರ್ಧ ಚಿತ್ರ ನೋಡಿ ಮನೆಗೆ ಹೋಗಲಿಲ್ಲ. ಅಂದಮೇಲೆ ಅಮೆರಿಕದ ಮಕ್ಕಳಿಗೆ ಚೀಟಿಯೇ ಸಾಕು ಎಂದು ತೀರ್ಮಾನಿಸಿದ್ದು ಕಲೆಯಲ್ಲ, ಉದಾಸೀನ. ಅದು ಚಾಳಿಯೂ ಆಯಿತು: 2019ರ ಡಿಸೆಂಬರಿನಲ್ಲಿ ‘ಸ್ಟಾರ್ ವಾರ್ಸ್’ನ ಹೊಸ ಕಂತು ಬಂದಾಗಲೂ ಡಿಸ್ನಿ ಥಿಯೇಟರುಗಳಿಗೆ ಎಚ್ಚರಿಕೆಯ ಕಾಗದವನ್ನೇ ಕಳಿಸಿತು.

ವಿಶೇಷ ಪ್ರದರ್ಶನಗಳಿವೆಯಲ್ಲ ಎನ್ನಬಹುದು. ನಿಜ, ಅಮೆರಿಕದ ಎಎಂಸಿ ಥಿಯೇಟರುಗಳು 2007ರಿಂದ ಆಟಿಸಂ ಸೊಸೈಟಿ ಜೊತೆ ಸೇರಿ ಇಂಥ ಪ್ರದರ್ಶನ ನಡೆಸುತ್ತಿವೆ: ಹಾಲಿನಲ್ಲಿ ದೀಪ ಉರಿಯುತ್ತದೆ, ಸದ್ದು ತಗ್ಗುತ್ತದೆ, ಮಗು ಎದ್ದು ಕುಣಿದರೆ ಯಾರೂ ಹುಬ್ಬು ಗಂಟಿಕ್ಕುವುದಿಲ್ಲ. ಒಳ್ಳೆಯದೇ. ಆದರೆ ತೆರೆಯ ಮೇಲಿನ ಮಿನುಗು ಅಲ್ಲೇ ಇರುತ್ತದೆ, ಅದನ್ನು ಥಿಯೇಟರಿನವನು ತೆಗೆಯಲಾರ. ಜೊತೆಗೆ, ಆಟಿಸಂ ಎಂದರೆ ಚಿಕ್ಕ ಮಕ್ಕಳ ವಿಷಯ ಎಂದುಕೊಂಡು ಹಗಲಿನ ಒಂದು ಪ್ರದರ್ಶನ ಇಟ್ಟುಬಿಟ್ಟರೆ, 2004ರಲ್ಲಿ ಮೊದಲ ಭಾಗ ನೋಡಿ ಪ್ರತಿ ಸಂಭಾಷಣೆ ಬಾಯಿಪಾಠ ಮಾಡಿಕೊಂಡು ಈಗ ಕೆಲಸಕ್ಕೆ ಹೋಗುತ್ತಿರುವ ಆಟಿಸಂನ ವಯಸ್ಕ ಏನು ಮಾಡಬೇಕು?

ಬೇಡವೇ ಬೇಡ ಎನ್ನುವವರ ಮೇಲೂ ನನ್ನ ತಕರಾರಿದೆ. ನಾಯಕಿಯ ಪುಟಾಣಿ ಮಗ ಜ್ಯಾಕ್‌ಜ್ಯಾಕ್ ಹಿತ್ತಲಿನಲ್ಲಿ ರಕೂನಿನ ಜೊತೆ ಕಾದಾಡುವ ದೃಶ್ಯಕ್ಕೆ ಹೊಟ್ಟೆ ಹಿಡಿದು ನಗುವ ಹಕ್ಕು ಈ ಮಕ್ಕಳಿಗೂ ಇದೆ. ಕೆಲವೇ ನಿಮಿಷಗಳ ಬೆಳಕಿನಾಟಕ್ಕಾಗಿ ಇಡೀ ಚಿತ್ರದಿಂದ ಅವರನ್ನು ಹೊರಗಿಡುವುದು ಕಾಳಜಿಯ ಹೆಸರಿನ ಬಹಿಷ್ಕಾರ.

ನಮ್ಮಲ್ಲಿಗೆ ಈ ಚಿತ್ರ ಜೂನ್ 22ಕ್ಕೇ ಬಂತು, ಹಿಂದಿಯಲ್ಲಿ ಎಲಾಸ್ಟಿಗರ್ಲ್‌ಗೆ ಕಾಜೋಲ್ ದನಿ ಕೊಟ್ಟರು. ತೆರೆಯ ಮೇಲೆ ಯಾರಾದರೂ ಬೀಡಿ ಹಚ್ಚಿದ ಕೂಡಲೇ ಮೂಲೆಯಲ್ಲಿ ಎಚ್ಚರಿಕೆ ಮೂಡಿಸುವ ದೇಶ ನಮ್ಮದು. ಬೆಳಕಿನ ವಿಷಯಕ್ಕೆ ಬಂದರೆ ಮೌನ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳ ಪಟ್ಟಿಯಲ್ಲಿ ಆಟಿಸಂ ಇದೆ. ಆದರೆ ಕೇಂದ್ರ ವಾರ್ತಾ ಸಚಿವಾಲಯ 2024ರ ಮಾರ್ಚಿನಲ್ಲಿ ಚಿತ್ರಮಂದಿರಗಳಿಗಾಗಿ ಹೊರಡಿಸಿದ ಮಾರ್ಗಸೂಚಿ ದೃಷ್ಟಿ ಮತ್ತು ಶ್ರವಣ ದೋಷ ಇರುವವರನ್ನಷ್ಟೇ ನೆನೆಯಿತು. ಸೆನ್ಸಾರ್ ಮಂಡಳಿಗೆ ಪ್ರಮಾಣಪತ್ರ ಕೇಳಿ ಬರುವ ಪ್ರತಿ ಚಿತ್ರದ ಜೊತೆ ಬೆಳಕಿನ ಪರೀಕ್ಷೆಯ ವರದಿಯೂ ಇರಲಿ ಎಂದು ಕಡ್ಡಾಯ ಮಾಡಲು ಏನಡ್ಡಿ? ಪರೀಕ್ಷೆಯಲ್ಲಿ ಸೋತರೆ ಚಿತ್ರ ನಿಲ್ಲಿಸಬೇಕಿಲ್ಲ. ತಿದ್ದಿ ತರಲಿ, ಬ್ರಿಟನ್ನಿಗೆ ತಿದ್ದಿ ಕೊಟ್ಟ ಹಾಗೆ.