ಒನ್ ಬೈ ಟು ಸೂಪು, ಎರಡು ಡ್ರೈ ಗೋಬಿ
ಸಂಬಳ ಬಂದ ವಾರ ನಮ್ಮ ಆಫೀಸಿನವರಿಗೆಲ್ಲ ಒಟ್ಟಿಗೇ ಚೈನೀಸ್ ಆಸೆ ಹುಟ್ಟುತ್ತದೆ. ಚೈನೀಸ್ ಅಂದರೆ ಚೀನಾದವರು ಕಂಡರೆ ಕಕ್ಕಾಬಿಕ್ಕಿಯಾಗುವಂಥ ನಮ್ಮ ಬೆಂಗಳೂರಿನ ಗೋಬಿ ಮಂಚೂರಿಯನ್, ಫ್ರೈಡ್ ರೈಸು. ಈ ಮಂಚೂರಿಯನ್‌ನ ತವರು ಮುಂಬೈ. ಕೋಲ್ಕತ್ತಾದಲ್ಲಿ ಹುಟ್ಟಿದ ಚೀನೀ ಮೂಲದ ನೆಲ್ಸನ್ ವಾಂಗ್ 1975ರಲ್ಲಿ ಮುಂಬೈನ ಕ್ರಿಕೆಟ್ ಕ್ಲಬ್ಬಿನ ಅಡುಗೆಮನೆಯಲ್ಲಿ ಶುಂಠಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಹುರಿದು, ಗರಂ ಮಸಾಲೆಯ ಬದಲು ಸೋಯಾ ಸಾಸ್ ಸುರಿದು ಕೋಳಿಗೆ ಬೆರೆಸಿದರು ಎಂಬುದು ಎಲ್ಲರೂ ಹೇಳುವ ಕಥೆ. ಕೋಳಿಯ ಜಾಗಕ್ಕೆ ಹೂಕೋಸು ಬಂದದ್ದು ನನ್ನಂಥ ಪುಳಿಚಾರಿನವರ ಪುಣ್ಯ. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿಗೆ ಕೃತಕ ಬಣ್ಣ ಹಾಕಕೂಡದೆಂದು ನಿಷೇಧಿಸಿತು. ಒಳ್ಳೆಯದೇ ಆಯಿತು, ಆ ಕೆಂಪು ನಾಲಿಗೆಗಿಂತ ಬೆರಳಿಗೇ ಹೆಚ್ಚು ಅಂಟುತ್ತಿತ್ತು. ರುಚಿ ಇರುವುದು ಬಾಣಲೆಯ ಕಾವಿನಲ್ಲಿ: ಭಟ್ಟ ಉರಿ ಜೋರು ಮಾಡಿ, ಕರಿದ ಹೂಕೋಸನ್ನು ಸಾಸಿನೊಳಗೆ ಎರಡೇ ಸಲ ಎತ್ತಿ ಹಾರಿಸಿ, ಈರುಳ್ಳಿ ಸೊಪ್ಪು ಉದುರಿಸಿ ತಟ್ಟೆಗೆ ಸುರಿಯಬೇಕು. ತಡವಾದರೆ ಮೆತ್ತಗಾಗಿ ಹೋಯಿತು. ಮೇಜಿನ ರಾಜಕೀಯವೇ ಬೇರೆ. ಮೀಟಿಂಗಿನಲ್ಲಿ ಬಾಯಿ ಬಿಡದ ಹುಡುಗಿ ಇಲ್ಲಿ ಆರ್ಡರ್ ಕೊಡುವ ಯಜಮಾನಿ. "ಸರ್, ನಿಮಗೆ ಒನ್ ಬೈ ಟು ಸಾಕು" ಎಂದು ಮ್ಯಾನೇಜರರ ಸೂಪನ್ನೇ ಅರ್ಧ ಮಾಡುತ್ತಾಳೆ. ಅವರೂ ತೆಪ್ಪಗೆ ವಿನೆಗರ್‌ನಲ್ಲಿ ನೆನೆದ ಮೆಣಸಿನಕಾಯಿ ಹಾಕಿಕೊಂಡು ಕುಡಿಯುತ್ತಾರೆ. ಡ್ರೈ ಬೇಕೋ ಗ್ರೇವಿ ಬೇಕೋ ಎಂಬ ಜಗಳ ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ. ನಾನು ಡ್ರೈ ಪಕ್ಷ.