ಮಕ್ಕಳ ನಾಲಿಗೆಯನ್ನು ದೂರುವವರಿಗೆ

ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆಯಲ್ಲಿ ರೊಟ್ಟಿ, ಅಂಬಲಿಗಳ ಮಾತೇಕೆ ಎಂದು ಕೇಳುವ ಹಿರಿಯರು ನಮ್ಮಲ್ಲಿದ್ದಾರೆ. ಅವರಿಗೆ ನಮ್ಮದೊಂದು ಮರುಪ್ರಶ್ನೆ. ಹೊಳಗುಂದದ ಯಾವ ಕನ್ನಡ ಸಭೆ ಮಕ್ಕಳ ಮಾತೆತ್ತದೆ ಮುಗಿದಿದೆ? 1953ರ ಅಕ್ಟೋಬರ್ 1ರಂದು ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿದಂದಿನಿಂದ, ಗಡಿಯ ಕನ್ನಡ ಉಳಿಯುವುದು ಮಕ್ಕಳಿಂದಲೇ ಎಂದು ಸಾರುತ್ತ ಬಂದಿದ್ದೇವೆ. ಆ ಮಕ್ಕಳು ಬೆಳಿಗ್ಗೆ ಏನು ತಿಂದು ಶಾಲೆಗೆ ಹೋದರೆಂಬುದನ್ನು ಮಾತ್ರ ಯಾವ ವೇದಿಕೆಯಿಂದಲೂ ವಿಚಾರಿಸಿಲ್ಲ.

"ಈಗಿನ ಹುಡುಗರಿಗೆ ರೊಟ್ಟಿ ಸೇರುವುದಿಲ್ಲ, ಪ್ಯಾಕೆಟ್ಟೇ ಬೇಕು" ಎಂಬ ದೂರು ಕಟ್ಟೆಯಿಂದ ಕಟ್ಟೆಗೆ ಹರಿದಾಡುತ್ತದೆ. ಈ ದೂರನ್ನು ನಾವು ಒಪ್ಪುವುದಿಲ್ಲ. ಐದು ರೂಪಾಯಿಯ ಚಿಪ್ಸಿನ ರುಚಿಯನ್ನು ಯಾವ ಮಗುವೂ ಹುಟ್ಟುವಾಗ ಹೊತ್ತು ತಂದಿಲ್ಲ. ಅಳು ನಿಲ್ಲಲೆಂದು ಮೊದಲ ಪ್ಯಾಕೆಟ್ಟನ್ನು ಆ ಕೈಗೆ ಕೊಟ್ಟವರು ಯಾರು? ಊಟಕ್ಕೆ ಕುಳಿತ ಕೂಸಿನ ಮುಂದೆ ಫೋನು ನಿಲ್ಲಿಸಿ, ಅದರ ಕಣ್ಣು ಪರದೆಯಲ್ಲಿ ನೆಟ್ಟಿರುವಾಗ ತುತ್ತು ತುರುಕಿದವರು ಯಾರು? ಬೆಳಗಾಗುತ್ತಲೇ ಚಹಾದಲ್ಲಿ ಬಿಸ್ಕತ್ತು ಅದ್ದಿ ಕೊಟ್ಟು, ಹಸಿವನ್ನು ಕೊಂದು, ಒಂಬತ್ತು ಗಂಟೆಗೆ "ರೊಟ್ಟಿ ಮುಟ್ಟುವುದಿಲ್ಲ ನೋಡಿ" ಎಂದು ಗೊಣಗುವವರು ಯಾರು? ತಾತಂದಿರು, ಸೋದರಮಾವಂದಿರು, ಅತಿಥಿಗಳು, ಅಂದರೆ ನಾವು. ಮಗುವಿನ ನಾಲಿಗೆ ಹಿರಿಯರ ನಡತೆಯನ್ನೇ ಕಲಿಯುತ್ತದೆ.

ಚಹಾದ ಮಾತು ಬಂದಿತಾಗಿ ಇನ್ನೊಂದನ್ನೂ ಹೇಳಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ ಆರು ತಿಂಗಳಿನಿಂದ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 67 ಮಕ್ಕಳು ರಕ್ತಹೀನತೆಯವರು. ಸಜ್ಜೆಯಲ್ಲಿ, ಕಾಳುಗಳಲ್ಲಿ, ಸೊಪ್ಪಿನಲ್ಲಿ ಕಬ್ಬಿಣದ ಅಂಶವಿದೆ. ಆದರೆ ಊಟದೊಂದಿಗೆ ಕುಡಿದ ಚಹಾದ ಒಗರು ಆ ಕಬ್ಬಿಣವನ್ನು ಹಿಡಿದಿಟ್ಟು, ಮೈಗೆ ಹತ್ತದಂತೆ ಮಾಡುತ್ತದೆ. ಅದೇ ಊಟದ ಮೇಲೆ ಅರ್ಧ ನಿಂಬೆಹಣ್ಣು ಹಿಂಡಿದರೆ ಕಬ್ಬಿಣ ಹೆಚ್ಚು ಸೇರುತ್ತದೆ. ಇದಕ್ಕೆ ದುಡ್ಡೂ ಬೇಡ, ಪದವಿಯೂ ಬೇಡ. ಆದರೂ ನಮ್ಮ ಎಷ್ಟು ಮನೆಗಳಲ್ಲಿ ನಾಲ್ಕು ವರ್ಷದ ಕೂಸಿಗೂ ಒಂದು ಲೋಟ ಚಹಾ ತಪ್ಪಿದೆ?

ನಮ್ಮ ತಪ್ಪನ್ನೇ ಮೊದಲು ಹೇಳಿಬಿಡುತ್ತೇವೆ. ಒಂದು ವರ್ಷದ ರಾಜ್ಯೋತ್ಸವದಲ್ಲಿ ನಾಡಗೀತೆ ಹಾಡಲು ಬಂದ ಮಕ್ಕಳು ಅತಿಥಿಗಳ ದಾರಿ ಕಾಯುತ್ತ ಎರಡು ಗಂಟೆ ಬಿಸಿಲಲ್ಲಿ ನಿಂತರು. ಹಾಡು ಮುಗಿದ ಮೇಲೆ ಅವರಿಗೆ ಒಂದೊಂದು ಕ್ರೀಂ ಬಿಸ್ಕತ್ತಿನ ಪ್ಯಾಕೆಟ್ಟು, ಒಂದೊಂದು ಬಣ್ಣದ ಸಿಹಿನೀರಿನ ಬಾಟಲಿ ಕೊಟ್ಟು ಕಳುಹಿಸಿದೆವು. ಒಳಗೆ ಅತಿಥಿಗಳಿಗೆ ಜೋಳದ ರೊಟ್ಟಿ, ಪುಂಡಿಪಲ್ಯ, ಮಡಕಿಕಾಳು, ಗುರೆಳ್ಳು ಪುಡಿ, ಮಜ್ಜಿಗೆ. ಊಟದ ನಂತರ ನಮ್ಮ ಸೀಮೆಯ ಆಹಾರ ಸಂಸ್ಕೃತಿಯ ಮೇಲೆ ಭಾಷಣವೂ ಆಯಿತು. ಮಕ್ಕಳು ಹೊರಬಾಗಿಲಿನಿಂದ ಆ ಪಂಕ್ತಿಯನ್ನು ನೋಡುತ್ತ ಬಿಸ್ಕತ್ತು ತಿನ್ನುತ್ತಿದ್ದರು. ಸಂಘದವರಾದ ನಮಗೆ ಅಂದು ಯಾರಿಗೂ ಇದು ವಿಚಿತ್ರವೆನಿಸಲಿಲ್ಲ.

ಶಾಲೆಯ ಬಾಗಿಲಿಗೆ ಬನ್ನಿ. ಉಪ್ಪು, ಸಕ್ಕರೆ, ಕೊಬ್ಬು ಹೆಚ್ಚಿರುವ ತಿನಿಸುಗಳನ್ನು ಶಾಲೆಯೊಳಗೂ, ಶಾಲೆಯ ಗೇಟಿನಿಂದ 50 ಮೀಟರ್ ಒಳಗೂ ಮಕ್ಕಳಿಗೆ ಮಾರಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರವು 2020ರಲ್ಲೇ ನಿಯಮ ಮಾಡಿದೆ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೂ ದಿನಕ್ಕೆ 5 ಗ್ರಾಮಿಗಿಂತ ಹೆಚ್ಚು ಉಪ್ಪು ಬೇಡವೆನ್ನುತ್ತದೆ. ಮಕ್ಕಳಿಗೆ ಇನ್ನೂ ಕಡಿಮೆ ಸಾಕು. ಆದರೆ ಗೇಟಿನೆದುರು ಪ್ಯಾಕೆಟ್ಟುಗಳ ಮಾಲೆ ತೂಗುತ್ತಲೇ ಇರುತ್ತದೆ. ಅಂಗಡಿಯಾತನ ಮೇಲೆ ಕೂಗಾಡುವುದು ನಮ್ಮ ಉದ್ದೇಶವಲ್ಲ, ಅವನೂ ಹೊಟ್ಟೆಪಾಡಿನವನೇ. ಹುರಿದ ಶೇಂಗಾ, ಪುಟಾಣಿ, ಶೇಂಗಾ ಚಿಕ್ಕಿ, ಬಾಳೆಹಣ್ಣು ಮಾರಿದರೂ ಅವನಿಗೆ ಲಾಭವುಂಟು. ನಾಮಫಲಕದಲ್ಲಿ ಕನ್ನಡವಿಲ್ಲವೆಂದು ಅರ್ಜಿ ಬರೆಯುವ ನಮ್ಮ ಲೇಖನಿ ಈ ಐವತ್ತು ಮೀಟರಿಗಾಗಿ ಒಂದು ಅರ್ಜಿಯನ್ನೂ ಬರೆದಿಲ್ಲವಲ್ಲ, ನಮ್ಮ ಆಕ್ಷೇಪವಿರುವುದು ಅಲ್ಲಿ.

(ಒಗ್ಗರಣೆ ಮಂಡಕ್ಕಿ, ಮಿರ್ಚಿಯ ಮೇಲೂ ನಮಗೆ ಸಿಟ್ಟೇ ಎಂದು ಗೆಳೆಯರೊಬ್ಬರು ಗಾಬರಿಯಿಂದ ಕೇಳಿದರು. ವಾರಕ್ಕೊಮ್ಮೆ ಸಂತೆಯ ದಿನ ತಿನ್ನಲಿ, ಜೊತೆಗೆ ನಾವೂ ಬರುತ್ತೇವೆ.)

2023ರ ಮಾರ್ಚ್‌ನಲ್ಲಿ ಆಂಧ್ರದ ಸರ್ಕಾರಿ ಶಾಲೆಗಳಲ್ಲಿ ಬೆಳಿಗ್ಗೆ ರಾಗಿ ಜಾವ ಕೊಡಲು ಆರಂಭಿಸಿದರು. ಅದು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಸಾರಿದ ವರ್ಷ. ಜಾವವೆಂದರೆ ನಮ್ಮ ಅಂಬಲಿಯೇ. ನೂರು ಗ್ರಾಮ್ ರಾಗಿಯಲ್ಲಿ ಮುನ್ನೂರು ಮಿಲಿಗ್ರಾಮಿಗೂ ಮೀರಿದ ಕ್ಯಾಲ್ಸಿಯಂ ಇದೆ. ಅಕ್ಕಿಯಲ್ಲಿ ಅದರ ಹತ್ತನೆಯ ಒಂದು ಪಾಲೂ ಇಲ್ಲ. "ಅದು ಇಲ್ಲದವರ ಗಂಜಿ, ನೀನು ಕುಡಿಯಬೇಡ" ಎಂದು ಮಗುವಿನ ಕಿವಿಯಲ್ಲಿ ಉಸುರಿದ ಪೋಷಕರನ್ನು ನಾವು ಬಲ್ಲೆವು. ಅವರಲ್ಲಿ ಕೆಲವರು ವೇದಿಕೆಯ ಮೇಲೆ ನವಣೆ, ಸಜ್ಜೆಗಳನ್ನು ಹಾಡಿ ಹೊಗಳಿದವರು. ಇನ್ನು ಕೆಲವರ ಮಕ್ಕಳು ಖಾಸಗಿ ಶಾಲೆಯ ಬಸ್ಸಿನಲ್ಲಿ ಕುಳಿತು, ಡಬ್ಬಿಯಲ್ಲಿ ನೂಡಲ್ಸ್ ಹೊತ್ತು ಹೋಗುತ್ತಾರೆ. ಮಧ್ಯಾಹ್ನ ಅನ್ನ, ಸಾರು, ಬೇಯಿಸಿದ ಮೊಟ್ಟೆ ತಿನ್ನುವ ಕನ್ನಡ ಶಾಲೆಯ ಕೂಲಿಯವರ ಮಗುವಿನ ತಟ್ಟೆಯೇ ಆ ಡಬ್ಬಿಗಿಂತ ಮೇಲು. ಈ ಮಾತು ನಮ್ಮವರಿಗೆ ಕಹಿಯಾದೀತು, ಆಗಲಿ.

ತಾಯಂದಿರ ಸೋಮಾರಿತನವೇ ಇದಕ್ಕೆಲ್ಲ ಕಾರಣವೆಂಬ ಮಾತೂ ಇದೆ. ಇದರಷ್ಟು ಅನ್ಯಾಯದ ಮಾತು ಇನ್ನೊಂದಿಲ್ಲ. ಹತ್ತಿ ಬಿಡಿಸುವ ದಿನಗಳಲ್ಲಿ ಹೊತ್ತು ಮೂಡುವ ಮೊದಲೇ ಕೂಲಿಯ ಆಟೋ ಹತ್ತುವ ಹೆಂಗಸು ಎಷ್ಟು ಗಂಟೆಗೆ ರೊಟ್ಟಿ ತಟ್ಟಬೇಕು? ಅದೇ ಮನೆಯ ಗಂಡಸಿಗೆ ರೊಟ್ಟಿ ತಟ್ಟಲು ಬಾರದೆಂಬುದು ಯಾವ ಶಾಸ್ತ್ರ? ಜೋಳ, ನವಣೆ ಬೆಳೆಯುತ್ತಿದ್ದ ಎರೆಹೊಲಕ್ಕೆ ಹತ್ತಿ ಬಂದಿದೆ. ಆದವಾನಿಯ ಮಾರುಕಟ್ಟೆಗೆ ಹತ್ತಿ ಹೋಗುತ್ತದೆ, ಮನೆಗೆ ಪಡಿತರದ ಅಕ್ಕಿ ಬರುತ್ತದೆ. ಅಕ್ಕಿಯನ್ನು ನಾವು ದೂರುವುದಿಲ್ಲ, ಅದು ಹಸಿವನ್ನು ನೀಗಿಸಿದೆ. ಆದರೆ ಮೂರು ಹೊತ್ತೂ ಬರೀ ಅನ್ನ, ಹುಳಿನೀರಿನಿಂದ ಮಗು ಬೆಳೆಯುವುದಿಲ್ಲ. ಪಡಿತರದಲ್ಲಿ ಜೋಳ, ಬೇಳೆ ಕೇಳುವ ಹಕ್ಕು ನಮಗಿದೆ. ಹೊಲದಂಚಿನಲ್ಲಿ ನಾಲ್ಕು ಸಾಲು ಅಲಸಂದಿ, ಪುಂಡಿ ಹಾಕುವ ಅವಕಾಶವೂ ಇದೆ.

ನಮ್ಮನ್ನು ನಿದ್ದೆಗೆಡಿಸುವ ಸಂಗತಿ ಇನ್ನೊಂದು. ದಸರೆಯಲ್ಲಿ ದೇವರಗುಡ್ಡದ ಬನ್ನಿ ಮುಗಿದು, ಮಳೆ ಕೈಕೊಟ್ಟ ವರ್ಷವಾದರೆ, ಈ ಪಶ್ಚಿಮದ ಹಳ್ಳಿಗಳಿಂದ ಕುಟುಂಬಗಳು ಗುಂಟೂರಿನ ಮೆಣಸಿನಕಾಯಿ ಹೊಲಗಳಿಗೆ ಗುಳೆ ಹೊರಡುತ್ತವೆ. ಮಕ್ಕಳೂ ಹೊರಡುತ್ತಾರೆ. ಅಂದಿಗೆ ಕನ್ನಡ ಪಾಠ ನಿಂತಿತು, ಮೊಟ್ಟೆ ನಿಂತಿತು, ಅಂಬಲಿ ನಿಂತಿತು, ಆಟವೂ ನಿಂತಿತು. ಗುಡಿಸಲಿನಲ್ಲಿ ಅನ್ನ, ಖಾರ. ಶಾಲೆಯಲ್ಲಿ ಬಿಸಿಯೂಟ ಮಕ್ಕಳ ಹಕ್ಕೆಂದು ಸುಪ್ರೀಂ ಕೋರ್ಟು 2001ರಲ್ಲೇ ಆದೇಶಿಸಿತು. ಬರಪೀಡಿತ ಪ್ರದೇಶಗಳಲ್ಲಿ ಬೇಸಿಗೆ ರಜೆಯಲ್ಲೂ ಊಟ ಹಾಕಬೇಕೆಂದು 2004ರಲ್ಲಿ ಹೇಳಿತು. ಗುಳೆ ಹೋಗುವವರ ಮಕ್ಕಳಿಗಾಗಿ ಹಂಗಾಮಿ ವಸತಿ ನಿಲಯಗಳ ಏರ್ಪಾಡೂ ಇದೆ. ಅವು ತೆರೆಯಬೇಕಾದದ್ದು ಲಾರಿ ಹೊರಡುವ ಮುನ್ನ. ಲಾರಿ ಹೊರಟ ಮೇಲೆ ತೆರೆದ ನಿಲಯದಲ್ಲಿ ಮಲಗುವವರು ಯಾರು? ಆರೋಗ್ಯಕರ ಜೀವನಶೈಲಿಯ ಉಪದೇಶವನ್ನು ಆ ಮಗುವಿಗೆ ಮಾಡಹೊರಟವರು ಮೊದಲು ಒಂದು ದಿನ ಆ ಲಾರಿಯಲ್ಲಿ ಕುಳಿತು ಬರಲಿ.

ಆದ್ದರಿಂದ ಈ ಸಮ್ಮೇಳನದ ನಿರ್ಣಯಗಳಲ್ಲಿ ಭಾಷೆಯ ಬೇಡಿಕೆಗಳ ಪಕ್ಕದಲ್ಲೇ ಇವೂ ಇರಬೇಕೆಂದು ಒತ್ತಾಯಿಸುತ್ತೇವೆ. ದಸರೆಗೆ ಮೊದಲೇ ವಸತಿ ನಿಲಯಗಳನ್ನು ತೆರೆದು, ಅಲ್ಲಿ ಕನ್ನಡ ಬಲ್ಲ ಮೇಷ್ಟರನ್ನು ನೇಮಿಸಲಿ. ಐವತ್ತು ಮೀಟರಿನ ನಿಯಮವನ್ನು ಪಂಚಾಯಿತಿ ಜಾರಿಗೆ ತರಲಿ. ಸಂಜೆ ಶಾಲೆಯ ಮೈದಾನಕ್ಕೆ ಬೀಗ ಹಾಕದೆ ಆಟಕ್ಕೆ ಬಿಡಲಿ. ಸಂಘದ ಮಟ್ಟಿಗೆ, ಸಮ್ಮೇಳನದ ಎರಡೂ ದಿನ ಮೊದಲ ಪಂಕ್ತಿ ಮಕ್ಕಳದು. ರೊಟ್ಟಿ, ಕಾಳುಪಲ್ಯ, ಮಜ್ಜಿಗೆ ಅವರ ಎಲೆಗೆ ಬಿದ್ದ ಮೇಲೆಯೇ ಅತಿಥಿಗಳು ಮತ್ತು ಪದಾಧಿಕಾರಿಗಳು ಕೂರತಕ್ಕದ್ದು. ಬಡಿಸುವವರ ಪಟ್ಟಿಯಲ್ಲಿ ನಮ್ಮ ಹೆಸರುಗಳನ್ನು ಈಗಾಗಲೇ ಬರೆಸಿದ್ದೇವೆ.