ರಸ್ತೆ ನಮ್ಮಪ್ಪನದಾ?

ಕಳೆದ ಜುಲೈನ ಒಂದು ಭಾನುವಾರ, ತಾಮ್ಹಿಣಿ ಘಾಟಿನ ತಿರುವೊಂದರಲ್ಲಿ, ಸುರಿಯುವ ಮಳೆಯಲ್ಲಿ ನಿಂತು ನಾನೊಂದು ಎಸ್.ಟಿ. ಬಸ್ಸನ್ನು ತಡೆದೆ. ಕೊರಳಲ್ಲಿ ಸೀಟಿ, ಮೈಮೇಲೆ ಮಿಂಚುವ ಪಟ್ಟಿಯ ಜಾಕೆಟ್ಟು. ನಾನು ಪೊಲೀಸನಲ್ಲ. ಪುಣೆಯ ಐಟಿ ಕಂಪನಿಯೊಂದರಲ್ಲಿ ಪ್ರಾಜೆಕ್ಟ್ ಮ್ಯಾನೇಜರ್. ಭಾನುವಾರಗಳಂದು ಒಂದು ಕಾರು ಪ್ರೇಮಿಗಳ ಕ್ಲಬ್ಬಿನ 'ಮಾರ್ಷಲ್'. ಬಸ್ಸು ಕೊಂಕಣದ ಕಡೆಯಿಂದ ಘಾಟಿ ಏರುತ್ತಿತ್ತು, ನಮ್ಮ ಹದಿನೆಂಟು ಕಾರುಗಳು ಇಳಿಯುತ್ತಿದ್ದವು. ಜಲಪಾತ ನೋಡಲು ಬಂದವರ ವಾಹನಗಳು ಅರ್ಧ ರಸ್ತೆ ನುಂಗಿದ್ದರಿಂದ ಒಂದು ಗಾಡಿಗಷ್ಟೇ ಜಾಗವಿತ್ತು. ನಾನು ಬಸ್ಸಿಗೆ ಕೈ ಅಡ್ಡ ಹಿಡಿದು, ನಮ್ಮ ಹದಿನೆಂಟನ್ನೂ ಸಾಲಾಗಿ ದಾಟಿಸಿದೆ. ವಾಕಿಟಾಕಿಯಲ್ಲಿ 'ಸೂಪರ್ ಮಾರ್ಷಲಿಂಗ್' ಎಂಬ ಹೊಗಳಿಕೆಯೂ ಬಂತು.

ಆಮೇಲೆ ಬಸ್ಸು ಹೊರಟಿತು. ಒದ್ದೆ ಏರಿನಲ್ಲಿ ಪೂರ್ತಿ ನಿಂತಿದ್ದ ಗಾಡಿ ಮುಂದೆ ಹೋಗುವ ಮೊದಲು ಒಂದು ಮೊಳದಷ್ಟು ಹಿಂದಕ್ಕೆ ಜಾರಿತು. ಅದರ ಹಿಂದೆ ಒಂದು ಬೈಕು, ಬೈಕಿನ ಮೇಲೆ ಗಂಡ ಹೆಂಡತಿ, ನಡುವೆ ರೇನ್‌ಕೋಟಿನಲ್ಲಿ ಮುಚ್ಚಿಹೋದ ಮಗು. ಬೈಕಿನವನು ಕಾಲೂರಿ ಹಿಂದೆ ಸರಿದ. ಏನೂ ಆಗಲಿಲ್ಲ. ಬಸ್ಸಿನ ಡ್ರೈವರ್ ನನ್ನ ಪಕ್ಕ ಹಾದುಹೋಗುವಾಗ ಕಿಟಕಿಯಿಂದ ಒಂದೇ ಮಾತು ಕೇಳಿದ: "ರಸ್ತಾ ತುಮಚ್ಯಾ ಬಾಪಾಚಾ ಕಾ?"

ನಮ್ಮೂರಲ್ಲೂ ಅದೇ ಬೈಗುಳ ಇದೆ. ಆದರೆ ಆವತ್ತು ಅದು ನನಗೆ ಬೈಗುಳವಾಗಿ ಕೇಳಿಸಲಿಲ್ಲ, ಉತ್ತರ ಬೇಡುವ ಪ್ರಶ್ನೆಯಾಗಿ ಕೇಳಿಸಿತು.

ನನ್ನ ಸೋದರಮಾವ ಶಿರಸಿ–ಕುಮಟಾ ರಸ್ತೆಯ ದೇವಿಮನೆ ಘಟ್ಟದಲ್ಲಿ ವರ್ಷಗಟ್ಟಲೆ ಸರ್ಕಾರಿ ಬಸ್ಸು ಓಡಿಸಿದವರು. ನನಗೆ ಗೇರು, ಕ್ಲಚ್ಚು ಕಲಿಸಿದವರೂ ಅವರೇ. "ತಮಾ, ಏರ್ತಾ ಬರೋ ಗಾಡಿಗೆ ಮೊದ್ಲು ದಾರಿ ಬಿಡು. ನಿಂತ್ರೆ ಕಷ್ಟ ಅದಕ್ಕೆ, ನಿಂಗಲ್ಲ" ಅನ್ನುತ್ತಿದ್ದರು. ಇದು ಘಟ್ಟದವರ ಸೌಜನ್ಯ ಮಾತ್ರವಲ್ಲ. 1989ರ ರಸ್ತೆ ನಿಯಮಾವಳಿಯಲ್ಲಿತ್ತು, ಅದರ ಜಾಗಕ್ಕೆ ಬಂದ 2017ರ ಚಾಲನಾ ನಿಯಮಾವಳಿಯಲ್ಲೂ ಇದೆ: ಇಕ್ಕಟ್ಟಾದ ಬೆಟ್ಟದ ದಾರಿಯಲ್ಲಿ ಇಳಿಯುವವನು ನಿಂತು ಏರುವವನಿಗೆ ದಾರಿ ಕೊಡಬೇಕು. ಎಂಟೆಕ್ ಮಾಡಿದ ನಾನು ಜಾಕೆಟ್ ತೊಟ್ಟದ್ದೇ ತಡ ಮಾವನನ್ನೂ ಮರೆತೆ, ಕಾನೂನನ್ನೂ ಮರೆತೆ.

ಹಾಗಾಗಿ ಈ ಬರಹ. ಪುಣೆ, ಮುಂಬಯಿ, ಹೈದರಾಬಾದು, ಚೆನ್ನೈಗಳಲ್ಲಿ ಇದನ್ನು ಓದುವ ಹಲವರ ಕಾರಿನ ಹಿಂಗಾಜಿನ ಮೇಲೂ ಒಂದು ಕ್ಲಬ್ಬಿನ ಸ್ಟಿಕರ್ ಇರುತ್ತದೆ. ನಾನು ಹೇಳುವುದಿಷ್ಟೆ: ಸಾರ್ವಜನಿಕ ರಸ್ತೆಯಲ್ಲಿ ಹತ್ತು-ಇಪ್ಪತ್ತು ಕಾರುಗಳ ಮೆರವಣಿಗೆ ಹೊರಡಿಸುವುದನ್ನು ನಿಲ್ಲಿಸೋಣ.

"ನಾವು ಪುಂಡರಲ್ಲ, ರೇಸ್ ಹಚ್ಚುವುದಿಲ್ಲ, ಕುಡಿಯುವುದಿಲ್ಲ, ಎಲ್ಲರೂ ಬೆಲ್ಟ್ ಹಾಕುತ್ತೇವೆ" ಎಂಬ ಉತ್ತರ ಬರುತ್ತದೆ. ನಿಜ. ನಮ್ಮ ಕ್ಲಬ್ಬಿನಷ್ಟು ಶಿಸ್ತು ನಮ್ಮ ಆಫೀಸಿನಲ್ಲೂ ಇಲ್ಲ. ಬೆಳಗಿನ ಐದೂವರೆಗೆ ಚಾಂದನಿ ಚೌಕದಲ್ಲಿ ಎಲ್ಲರೂ ಹಾಜರು. ಗಾಜಿನ ಮೇಲೆ ನಂಬರು, ಕೈಯಲ್ಲಿ ವಾಕಿಟಾಕಿ. ಆದರೆ ಈ ಶಿಸ್ತು ಯಾರಿಗಾಗಿ? ನಮ್ಮ ಸಾಲು ಕಡಿಯದಿರಲಿ ಎಂದು. ರಸ್ತೆಯ ಮೇಲಿರುವ ಉಳಿದವರು ಈ ಲೆಕ್ಕದಲ್ಲಿ ಬರುವುದೇ ಇಲ್ಲ. ಅವರು ನಮ್ಮ ಸಾಲಿಗೆ ಅಡ್ಡ ಬಂದವರು, ಅಷ್ಟೆ.

ಲೆಕ್ಕ ಎಂದೆನಲ್ಲ, ಮಾಡಿಯೇ ನೋಡೋಣ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಎರಡು ಸೆಕೆಂಡಿನ ಅಂತರವೆಂದರೆ ಸುಮಾರು 28 ಮೀಟರು. ಒಣರಸ್ತೆಗೆ ಇದು ಕನಿಷ್ಠ, ಮಳೆಯಲ್ಲಿ ಇನ್ನೂ ಹೆಚ್ಚು ಬೇಕು. ಹದಿನೆಂಟು ಕಾರು, ಹದಿನೇಳು ಅಂತರ ಸೇರಿಸಿದರೆ ನಮ್ಮ ಸಾಲು ಅರ್ಧ ಕಿಲೋಮೀಟರು ಮೀರುತ್ತದೆ. 70ರಲ್ಲಿ ಬರುವವನೊಬ್ಬ ಇದನ್ನು ಒಂದೇ ಬಾರಿಗೆ ದಾಟಬೇಕಾದರೆ ಒಂದೂವರೆ ನಿಮಿಷಕ್ಕೂ ಹೆಚ್ಚು ಹೊತ್ತು, ಹತ್ತಿರ ಹತ್ತಿರ ಎರಡು ಕಿಲೋಮೀಟರು, ಎದುರಿನವರ ಪಥದಲ್ಲಿ ಓಡಬೇಕು. ಪೌಡ್ ದಾಟಿದ ಮೇಲೆ ಅಂಥ ನೇರ ದಾರಿ ಎಲ್ಲಿದೆ? ನಡುವೆ ನುಸುಳೋಣವೆಂದರೆ ನಾವು ಬಿಡುವುದಿಲ್ಲ, 'ಗ್ಯಾಪ್ ಮುಚ್ಚಿ' ಎಂದು ವಾಕಿಟಾಕಿ ಕೂಗುತ್ತದೆ. ಗ್ಯಾಪ್ ಮುಚ್ಚಿದೆವೋ, ನಮ್ಮ ಪ್ರಾಣ ಮುಂದಿನವನ ಬ್ರೇಕಿನಲ್ಲಿ. ಅಂತರ ಬಿಟ್ಟರೆ ಬೇರೆಯವರಿಗೆ ಅಪಾಯ, ಬಿಡದಿದ್ದರೆ ನಮಗೆ.

ಇನ್ನೊಂದು ಸಂಗತಿ. 2008ರಲ್ಲಿ ಜಪಾನಿನ ಸಂಶೋಧಕರು ತಮ್ಮ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. 230 ಮೀಟರು ಸುತ್ತಳತೆಯ ವೃತ್ತದಲ್ಲಿ 22 ಕಾರುಗಳನ್ನು ಒಂದೇ ವೇಗದಲ್ಲಿ ಓಡಿಸಲು ಹೇಳಿದ್ದರು. ಅಡ್ಡಿಯಿಲ್ಲ, ಸಿಗ್ನಲ್ ಇಲ್ಲ. ಆದರೂ ಸ್ವಲ್ಪ ಹೊತ್ತಿನಲ್ಲೇ ಕಾರುಗಳು ನಿಂತು ನಿಂತು ಚಲಿಸತೊಡಗಿದವು. ಸಾಲಿನ ಗುಣವೇ ಅದು. ಒಂದನೆಯವನು ಬ್ರೇಕ್ ಮುಟ್ಟಿದರೆ ಐದನೆಯವನು ಒತ್ತುತ್ತಾನೆ, ಹದಿನಾಲ್ಕನೆಯವನು ತುಳಿಯುತ್ತಾನೆ. ಆಮೇಲೆ ಹಿಂದುಳಿದವನು ಸಾಲು ಕೂಡಿಕೊಳ್ಳಲು ಎಲ್ಲರಿಗಿಂತ ಜೋರಾಗಿ ಓಡಿಸುತ್ತಾನೆ. ನಮ್ಮಲ್ಲಿ ಕಟ್ಟಕಡೆಗೆ ಅನುಭವಿಯೊಬ್ಬ ಇರುತ್ತಾನೆ, ಸರಿ. ಅವನ ಮುಂದಿನ ನಾಲ್ಕೈದು ಕಾರುಗಳಲ್ಲಿ? ಹೊಸಬರು. ಹಿಂದಿನ ಸೀಟಿನಲ್ಲಿ ಅವರ ಮಕ್ಕಳು.

ನಾಲ್ಕೂ ಇಂಡಿಕೇಟರ್ ಮಿನುಗಿಸಿಕೊಂಡು ಓಡಿಸುವ ಚಟದ ಬಗ್ಗೆ ಏನು ಹೇಳಲಿ? ಅದು ನಿಂತ ಗಾಡಿಯ ಗುರುತು. ನಾಲ್ಕೂ ಮಿನುಗುತ್ತಿದ್ದರೆ ನೀವು ಬಲಕ್ಕೆ ತಿರುಗುತ್ತೀರೋ ಎಡಕ್ಕೋ ಹಿಂದಿನವನಿಗೆ ತಿಳಿಯುವುದು ಹೇಗೆ? 2017ರ ಮೇ 1ರಿಂದ ಮಂತ್ರಿಗಳ ಕಾರಿನ ಕೆಂಪು ದೀಪ ಹೋದಾಗ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಚಪ್ಪಾಳೆಯ ಸುರಿಮಳೆಯಾಗಿತ್ತು. ಸೋಮವಾರದಿಂದ ಶುಕ್ರವಾರದವರೆಗೆ ಮಂತ್ರಿಗಳ ಬೆಂಗಾವಲನ್ನು ಬಯ್ಯುವ ನಾವು ಭಾನುವಾರ ಹಳದಿ ದೀಪದ ಬೆಂಗಾವಲು ಕಟ್ಟಿಕೊಂಡು ಹೊರಡುತ್ತೇವೆ. ಪಿರಂಗುಟದ ಹಾಲಿನವನು ನಾವು ದಾಟುವವರೆಗೂ ಬೈಕ್ ಹಿಡಿದು ನಿಂತಿರಬೇಕು. ಅವನನ್ನು ನಿಲ್ಲಿಸಲು ನನಗೆ ಅಧಿಕಾರ ಕೊಟ್ಟವರಾರು? ಆ ಜಾಕೆಟ್ಟು ನಾನೇ ಆನ್‌ಲೈನಿನಲ್ಲಿ ಕೊಂಡದ್ದು.

ನಾವು ಡ್ರೋನ್ ಹಾರಿಸುವ ಮುಳಶಿ ಕೆರೆ ನಿಸರ್ಗದತ್ತವಲ್ಲ, ಅಣೆಕಟ್ಟಿನ ನೀರು. ಅದಕ್ಕಾಗಿ ಜಮೀನು ಕಳೆದುಕೊಳ್ಳಲಿದ್ದ ರೈತರು 1921ರಲ್ಲಿ ಸೇನಾಪತಿ ಬಾಪಟರ ಮುಂದಾಳ್ತನದಲ್ಲಿ ಸತ್ಯಾಗ್ರಹ ಮಾಡಿದರು. 'ದೊಡ್ಡವರು ಬರುತ್ತಿದ್ದಾರೆ, ಸರಿಯಿರಿ' ಎಂಬ ಮಾತನ್ನು ಈ ಕಣಿವೆ ನೂರು ವರ್ಷದ ಹಿಂದೆಯೇ ಕೇಳಿದೆ. ನಾವು ಸೀಟಿ ಊದಿ ಮತ್ತೆ ಹೇಳಬೇಕಿಲ್ಲ.

ಕ್ಲಬ್ಬನ್ನೇ ಮುಚ್ಚಿ ಎನ್ನುತ್ತಿಲ್ಲ. ಹದಿಮೂರು ವರ್ಷದ ಹಿಂದೆ ಈ ಊರಿಗೆ ಬಂದಾಗ ನನ್ನನ್ನು ಮೊದಲು ಹೆಸರು ಹಿಡಿದು ಕರೆದವರು ಆಫೀಸಿನವರಲ್ಲ, ಈ ಕ್ಲಬ್ಬಿನವರು. ಮಗಳು ಹುಟ್ಟಿದ ರಾತ್ರಿ ಆಸ್ಪತ್ರೆಗೆ ಡಬ್ಬಿ ತಂದದ್ದು ಏಳನೇ ನಂಬರ್ ಕಾರಿನ ಮರಾಠಿ ವೈನಿ. ಘಾಟಿಯ ಕೆಳಗೆ ಒಟ್ಟಿಗೆ ಕೂತು ಮಿಸಳ್ ತಿನ್ನುವ ಸುಖ ನನಗೆ ಬೇಕು. ಆದರೆ ಅದಕ್ಕೆ ಸಾಲು ಕಟ್ಟಿಕೊಂಡೇ ಹೋಗಬೇಕೆ? ಮೂರು ಮೂರು ಕಾರು, ಹತ್ತು ಹತ್ತು ನಿಮಿಷ ಬಿಟ್ಟು ಹೊರಡಲಿ. ಪ್ರತಿ ಮೂರರಲ್ಲಿ ಒಬ್ಬ ಅನುಭವಿ ಇರಲಿ. ದಾರಿ ತಪ್ಪಿದರೆ ಮೊಬೈಲಿನಲ್ಲಿ ನಕ್ಷೆ ಇದೆ. ನಡುವೆ ಬೇರೆ ಗಾಡಿ ಬಂದರೆ ಬರಲಿ. ಸೀಟಿ ಬೇಡ, ಮಾರ್ಷಲ್ ಬೇಡ. ಎಲ್ಲರೂ ತಿಂಡಿಯ ಜಾಗದಲ್ಲಿ ಸೇರೋಣ.

ಕಳೆದ ಮೀಟಿಂಗಿನಲ್ಲಿ ಇದನ್ನು ಹೇಳಿದೆ. "ಹಾಗಾದರೆ ಡ್ರೋನ್ ವಿಡಿಯೋದಲ್ಲಿ ಏನು ಕಾಣುತ್ತೆ?" ಎಂದು ಒಬ್ಬರು ಕೇಳಿದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ಜಾಕೆಟ್ಟು, ಸೀಟಿ ಎರಡನ್ನೂ ಮೇಜಿನ ಮೇಲಿಟ್ಟು ಬಂದೆ. ಮುಂದಿನ ತಿಂಗಳ ಡ್ರೈವಿಗೆ ಇಬ್ಬರು ನನ್ನ ಜೊತೆ ಬೇರೆಯಾಗಿ ಬರಲು ಒಪ್ಪಿದ್ದಾರೆ. ಮೂರು ಕಾರು. ಘಾಟಿಯಲ್ಲಿ ಬಸ್ಸು ಎದುರಾದರೆ ನಿಲ್ಲುವವರು ನಾವು.